ಮೈಕೆಲ್ಸನ್ ಪ್ರಶಸ್ತಿ: ಯುವ ರೋಗನಿರೋಧ ವಿಜ್ಞಾನಿಗಳಿಗೆ

ಮಾನವ ರೋಗನಿರೋಧ ಶಾಸ್ತ್ರ ಮತ್ತು ಲಸಿಕೆ ಸಂಶೋಧನೆಗೆ 35 ವರ್ಷದೊಳಗಿನವರಿಗೆ ಕೊಡುವ ಪ್ರಶಸ್ತಿ ಇದು. ಮೊತ್ತ 1.5 ಲಕ್ಷ ಡಾಲರ್. ಹಣ ಕೊಡುವವರು ಬೆನ್ನುಮೂಳೆ ಶಸ್ತ್ರವೈದ್ಯ, ಸಂಶೋಧಕ ಗ್ಯಾರಿ ಮೈಕೆಲ್ಸನ್ ಅವರ ಪ್ರತಿಷ್ಠಾನ. ಆರಂಭದಲ್ಲಿ ಅದರ ಜತೆಗಾರ ಸಂಸ್ಥೆ ಹ್ಯೂಮನ್ ವ್ಯಾಕ್ಸೀನ್ಸ್ ಪ್ರಾಜೆಕ್ಟ್ ಆಗಿತ್ತು.

2018ರ ಮೊದಲ ವಿಜೇತರು ಮೂವರು: ಸ್ಟ್ಯಾನ್‌ಫರ್ಡ್‌ನ ಅನ್ಸುಮನ್ ಸತ್ಪತಿ, ಮೊನಾಶ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಇಲ್ಲಿಂಗ್, ಮೆಲ್ಬರ್ನ್ ವಿಶ್ವವಿದ್ಯಾಲಯದ ಲಾರಾ ಮೆಕೇ. ಮೂವರಲ್ಲಿ ಇಬ್ಬರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುವವರು ಎಂಬುದನ್ನು ಗಮನಿಸಿ.

ಹೆಚ್ಚು ಓದಬೇಕಾದದ್ದು ಮೆಕೇ ಅವರ ವಿಷಯ, ಅಂಗಾಂಶವಾಸಿ ಸ್ಮೃತಿ ಟಿ ಕೋಶಗಳು. ಸ್ಮೃತಿ ಕೋಶ ಎಂದೊಡನೆ ರಕ್ತದಲ್ಲಿ ತಿರುಗುವ ಕೋಶ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಅಂಗಾಂಶವಾಸಿ ಕೋಶಗಳು ಹಾಗೆ ತಿರುಗುವುದಿಲ್ಲ. ಚರ್ಮ, ಶ್ವಾಸಕೋಶ, ಕರುಳಿನಂಥ ಕಡೆ ಕಾಯಂ ಬೀಡುಬಿಟ್ಟು, ಅದೇ ರೋಗಾಣು ಮತ್ತೆ ಬಂದರೆ ಹೊಸ್ತಿಲಲ್ಲೇ ತಡೆಯುತ್ತವೆ. ಹಾಗಾಗಿ ಬರೀ ರಕ್ತಪರೀಕ್ಷೆಯಿಂದ ಇವುಗಳ ಬಲ ಪೂರ್ತಿ ತಿಳಿಯದು. ಮೂಗಿನ ಮೂಲಕ ಕೊಡುವ ಲಸಿಕೆಗಳ ಬಗ್ಗೆ ಆಸಕ್ತಿ ಹೆಚ್ಚಲು, ಇಂಥ ಕೋಶಗಳನ್ನು ಉಸಿರಾಟದ ಹಾದಿಯಲ್ಲೇ ನೆಲೆಗೊಳಿಸಬಹುದೆಂಬ ನಿರೀಕ್ಷೆಯೂ ಒಂದು ಕಾರಣ.

ಮೆಕೇ ಅವರ ಪ್ರಯೋಗಾಲಯ ಇರುವುದು ಪೀಟರ್ ಡೋಹರ್ಟಿ ಹೆಸರಿನ ಸಂಸ್ಥೆಯಲ್ಲಿ. ಟಿ ಕೋಶಗಳು ಸೋಂಕಿತ ಕೋಶವನ್ನು ಗುರುತಿಸುವ ಬಗೆಯನ್ನು ಡೋಹರ್ಟಿ ಮತ್ತು ರೋಲ್ಫ್ ಜಿಂಕರ್‌ನಾಗೆಲ್ ಕ್ಯಾನ್‌ಬೆರಾದಲ್ಲಿ ಕಂಡುಕೊಂಡದ್ದು 1970ರ ದಶಕದಲ್ಲಿ. ನೊಬೆಲ್ ಬಂದದ್ದು 1996ರಲ್ಲಿ. ಹೊಂದಿಸಿ ಬರೆಯಿರಿ ಪ್ರಶ್ನೆಗೆ ಈ ಜೋಡಿ ಹೇಳಿ ಮಾಡಿಸಿದಂತಿದೆ.