ಬೆಳಕು ಅಳೆಯುವ ಯಂತ್ರದ ಮುಂದೆ ಕಲಿತ ಪಾಠಗಳು

ಥೈರಾಯ್ಡ್, ಟ್ರೋಪೋನಿನ್, ಫೆರಿಟಿನ್, ಎಚ್‌ಸಿಜಿ. ನಮ್ಮ ಲ್ಯಾಬಿನಲ್ಲಿ ಇವೆಲ್ಲ ಆಗುವುದು ಎಲೆಕ್ಟ್ರೋಕೆಮಿಲ್ಯುಮಿನೆಸೆನ್ಸ್ ಯಂತ್ರದಲ್ಲಿ; ಬಾಯಿಮಾತಿನಲ್ಲಿ ಇಸಿಎಲ್. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ಗುಂಡಿ ಒತ್ತುವ ಮೊದಲು ಒಳಗೆ ಏನಾಗುತ್ತದೆ ಎಂದು ತಿಳಿದುಕೊಳ್ಳಿ.

ರಕ್ತದಲ್ಲಿರುವ, ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್ ಟಿಎಸ್‌ಎಚ್‌ನಂಥ ಅಣುವನ್ನು ಎರಡು ಆ್ಯಂಟಿಬಾಡಿಗಳು ಎರಡು ಕಡೆಯಿಂದ ಹಿಡಿಯುತ್ತವೆ. ಒಂದಕ್ಕೆ ಬಯೋಟಿನ್ ಅಂಟಿಸಿರುತ್ತಾರೆ, ಇನ್ನೊಂದಕ್ಕೆ ರುಥೇನಿಯಂ ಸಂಯುಕ್ತ. ಸ್ಟ್ರೆಪ್ಟಾವಿಡಿನ್ ಲೇಪಿಸಿದ ಕಾಂತೀಯ ಕಣಗಳು ಬಯೋಟಿನ್ನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಆಯಸ್ಕಾಂತ ಈ ಕಣಗಳನ್ನು ಪ್ಲಾಟಿನಂ ಎಲೆಕ್ಟ್ರೋಡಿನ ಮೇಲೆ ಕೂರಿಸುತ್ತದೆ, ಮಿಕ್ಕಿದ್ದೆಲ್ಲ ತೊಳೆದುಹೋಗುತ್ತದೆ. ವೋಲ್ಟೇಜ್ ಕೊಟ್ಟ ಕೂಡಲೇ ರುಥೇನಿಯಂ, ಟ್ರೈಪ್ರೊಪೈಲಮೀನ್ ಜೊತೆ ಸೇರಿ ಸುಮಾರು 620 ನ್ಯಾನೋಮೀಟರಿನ ಕಿತ್ತಳೆಗೆಂಪು ಬೆಳಕು ಬಿಡುತ್ತದೆ. ರುಥೇನಿಯಂ ಖರ್ಚಾಗುವುದಿಲ್ಲ, ಮತ್ತೆ ಮತ್ತೆ ಬೆಳಗುತ್ತದೆ. ಹೊರಗಿನಿಂದ ಬೆಳಕು ಹಾಯಿಸಬೇಕಿಲ್ಲ, ಹಾಗಾಗಿ ಹಿನ್ನೆಲೆ ಕತ್ತಲಾಗಿಯೇ ಇರುತ್ತದೆ. ಅತಿ ಸಣ್ಣ ಪ್ರಮಾಣವನ್ನೂ ಈ ಯಂತ್ರ ಹಿಡಿಯುವುದು ಇದರಿಂದಲೇ. ರುಥೇನಿಯಂ ಸಂಯುಕ್ತದ ಈ ಗುಣವನ್ನು 1972ರಲ್ಲಿ ತೋರಿಸಿಕೊಟ್ಟವರು ಟೆಕ್ಸಸ್‌ನ ಅಲೆನ್ ಬಾರ್ಡ್ ಮತ್ತು ಅವರ ಸಹೋದ್ಯೋಗಿ. ನನ್ನ ದೃಷ್ಟಿಯಲ್ಲಿ ಅದು ಎಷ್ಟೋ ಜೀವ ಉಳಿಸಿದ ಶೋಧ.

2. ಕೂದಲಿನ ಮಾತ್ರೆ ತಗೋತೀರಾ ಎಂದು ಕೇಳಿ.

ಯಂತ್ರ ನಂಬಿಕೊಂಡಿರುವುದೇ ಬಯೋಟಿನ್ನನ್ನು. ಕೂದಲು ಉದುರುವುದಕ್ಕೆಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆಯಲ್ಲೂ ಅದೇ ಇದೆ. ದೊಡ್ಡವರಿಗೆ ದಿನಕ್ಕೆ 30 ಮೈಕ್ರೋಗ್ರಾಂ ಸಾಕು. ಈ ಮಾತ್ರೆಗಳಲ್ಲಿ 5 ಅಥವಾ 10 ಮಿಲಿಗ್ರಾಂ ಇರುವುದುಂಟು. ರಕ್ತದಲ್ಲಿ ಹೆಚ್ಚಾದ ಬಯೋಟಿನ್, ಬಸ್ಸಿನ ಸೀಟಿಗೆ ಮೊದಲೇ ಟವೆಲ್ ಹಾಕಿದ ಹಾಗೆ, ಕಣಗಳ ಮೇಲಿನ ಜಾಗ ಹಿಡಿದುಬಿಡುತ್ತದೆ. ಬೆಳಕು ಕಡಿಮೆಯಾಗುತ್ತದೆ. ಟಿಎಸ್‌ಎಚ್ ಇದ್ದದ್ದಕ್ಕಿಂತ ಕೆಳಗೆ ಬರುತ್ತದೆ. ಫ್ರೀ ಟಿ4 ಟೆಸ್ಟಿನ ಲೆಕ್ಕ ತಿರುಗುಮುರುಗು: ಅಲ್ಲಿ ಬೆಳಕು ಕಡಿಮೆಯಾದಷ್ಟೂ ಅಂಕಿ ಜಾಸ್ತಿ. ಎರಡನ್ನೂ ಒಟ್ಟಿಗೆ ನೋಡಿದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಎಂದೇ ಅನಿಸುತ್ತದೆ.

ಅಂಥದೇ ರಿಪೋರ್ಟ್ ಬಂದಿದ್ದ ಒಬ್ಬ ಹೆಣ್ಣುಮಗಳು ಕೌಂಟರಿನ ಹತ್ತಿರ ಗಾಬರಿಯಾಗಿ ನಿಂತಿದ್ದರು. ಕೈ ನಡುಕವಿಲ್ಲ, ಎದೆಬಡಿತ ಜೋರಿಲ್ಲ, ತೂಕವೂ ಇಳಿದಿಲ್ಲ. "ಅಕ್ಕಾ, ಏನಾದ್ರೂ ಮಾತ್ರೆ ತಗೋತಿದ್ದೀರಾ?" ಅಂದೆ. "ಏನೂ ಇಲ್ಲಪ್ಪ" ಅಂದರು. "ಕೂದಲಿಗೆ?" ಎಂದಾಗ ಬ್ಯಾಗಿನಿಂದ ಸ್ಟ್ರಿಪ್ ತೆಗೆದರು. ಡಾಕ್ಟರಿಗೆ ಫೋನ್ ಮಾಡಿದೆವು, ಮಾತ್ರೆ ನಿಲ್ಲಿಸಿ ಮತ್ತೆ ರಕ್ತ ತೆಗೆದೆವು. ಎಲ್ಲ ಸರಿಯಾಗಿಯೇ ಇತ್ತು.

ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ವಿಷಯದಲ್ಲಿ ಇದು ಪ್ರಾಣಕ್ಕೇ ಬರುತ್ತದೆ. ಬಯೋಟಿನ್‌ನಿಂದ ಟ್ರೋಪೋನಿನ್ ಸುಳ್ಳೇ ಕಡಿಮೆ ಬಂದ ರೋಗಿಯೊಬ್ಬರು ತೀರಿಕೊಂಡ ವರದಿಯ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ನವೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತು. ಈಚಿನ ರೀಏಜೆಂಟುಗಳು ಹೆಚ್ಚು ಬಯೋಟಿನ್ ತಡೆದುಕೊಳ್ಳುತ್ತವೆ. ಆದರೂ ಪ್ರತಿ ಕಿಟ್ಟಿನ ಜೊತೆ ಬರುವ ಕಾಗದದಲ್ಲಿ ಮಿತಿ ಎಷ್ಟೆಂದು ಓದಿ.

3. ರಕ್ತ ಪೂರ್ತಿ ಹೆಪ್ಪುಗಟ್ಟಲಿ.

ಅವಸರ ಮಾಡಿ ಸೆಂಟ್ರಿಫ್ಯೂಜಿಗೆ ಹಾಕಿದರೆ ಸೀರಂನಲ್ಲಿ ಫೈಬ್ರಿನ್ ಉಳಿಯುತ್ತದೆ. ಟ್ಯೂಬನ್ನು ದೀಪಕ್ಕೆ ಹಿಡಿದು ಓರೆ ಮಾಡಿ ನೋಡಿ: ತೆಳ್ಳಗಿನ ಲೋಳೆಯಂಥ ಎಳೆ ಕಾಣುತ್ತದೆ. ಅದು ಪ್ರೋಬಿಗೆ ಸಿಕ್ಕಿದರೆ ಸ್ಯಾಂಪಲ್ ಅಳತೆಯೇ ತಪ್ಪುತ್ತದೆ. ಸೀರಂ ಕೆಂಪಾಗಿದ್ದರೆ ರಕ್ತಕಣ ಒಡೆದಿವೆ ಎಂದರ್ಥ. ಟ್ರೋಪೋನಿನ್ ಟಿ ಆಗ ನಿಜಕ್ಕಿಂತ ಕಡಿಮೆ ತೋರಿಸಬಹುದು. ಮತ್ತೆ ಚುಚ್ಚಿಸಿಕೊಳ್ಳಿ ಎಂದರೆ ಮನೆಯವರು ಬೈಯುತ್ತಾರೆ. ಬೈಯಲಿ, ಹೊಸ ಸ್ಯಾಂಪಲ್ ಕೇಳಿ.

4. ಟ್ರೋಪೋನಿನ್‌ಗೆ ಒಂದೇ ಅಂಕಿ ಸಾಲದು.

ಹೈ ಸೆನ್ಸಿಟಿವಿಟಿ ಟ್ರೋಪೋನಿನ್ ಟಿಗೆ ಲೀಟರಿಗೆ 14 ನ್ಯಾನೋಗ್ರಾಂ ಗಡಿ. ಮೂತ್ರಪಿಂಡದ ಕಾಯಿಲೆಯಿದ್ದವರಲ್ಲಿ ಹೃದಯಾಘಾತವಿಲ್ಲದೆಯೂ ಅದು ಸದಾ ಮೇಲಿರಬಹುದು. ಎದೆನೋವು ಶುರುವಾದ ಕೂಡಲೇ ಓಡಿಬಂದವರಲ್ಲಿ ಇನ್ನೂ ಏರಿರದೆಯೂ ಇರಬಹುದು. ಒಂದರಿಂದ ಮೂರು ಗಂಟೆಯ ಅಂತರದಲ್ಲಿ ಎರಡನೇ ಸ್ಯಾಂಪಲ್ ಕೇಳುವುದು ಬಿಲ್ ಏರಿಸಲಿಕ್ಕಲ್ಲ, ಏರಿಳಿತ ನೋಡಲಿಕ್ಕೆ. ಮನೆಯವರಿಗೆ ಇದನ್ನು ತಾಳ್ಮೆಯಿಂದ ಹೇಳಿ.

5. ಅತಿ ಹೆಚ್ಚಿದ್ದರೂ ಕಡಿಮೆ ತೋರಿಸಬಹುದು.

ಗರ್ಭಕೋಶದಲ್ಲಿ ಅಸಹಜ ಅಂಗಾಂಶ ಬೆಳೆಯುವ ಮೋಲಾರ್ ಗರ್ಭದಂಥ ಸ್ಥಿತಿಯಲ್ಲಿ ಗರ್ಭಧಾರಣೆಯ ಹಾರ್ಮೋನ್ ಎಚ್‌ಸಿಜಿ ವಿಪರೀತ ಏರಿದರೆ ಎರಡು ಆ್ಯಂಟಿಬಾಡಿಗಳೂ ಬೇರೆಬೇರೆ ಅಣುಗಳಲ್ಲಿ ಸಿಕ್ಕಿಕೊಂಡು ಜೋಡಿಯೇ ಕೂಡುವುದಿಲ್ಲ; ಬೆಳಕು ಕಡಿಮೆಯಾಗಿ ಅಂಕಿಯೂ ಇಳಿಯುತ್ತದೆ. ಸ್ಕ್ಯಾನಿಗೂ ಅಂಕಿಗೂ ತಾಳೆಯಾಗದಿದ್ದರೆ ಸ್ಯಾಂಪಲ್ ತೆಳುಗೊಳಿಸಿ ಮತ್ತೆ ಹಾಕಿ.

6. ಸಂಶಯ ಬಂದರೆ ಫೋನ್ ಎತ್ತಿ.

ಬೆಳಗಿನ ಕಂಟ್ರೋಲ್ ಪಾಸಾದರೆ ಯಂತ್ರ ಸರಿಯಿದೆ ಎಂದಷ್ಟೇ ಗೊತ್ತಾಗುತ್ತದೆ. ಈ ರೋಗಿಯ ರಕ್ತದಲ್ಲಿ ಏನು ಬೆರೆತಿದೆ ಎಂದು ಅದು ಹೇಳಲಾರದು. ರೋಗಿಯನ್ನು ಕಣ್ಣಾರೆ ಕಂಡಿರುವ ಡಾಕ್ಟರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ರಕ್ತ ಕೊಡಲು ಬರುವವರಲ್ಲೂ ಒಂದು ವಿನಂತಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ತನ್ನಿ. ವಿಟಮಿನ್, ಕೂದಲಿನ ಮಾತ್ರೆ, ಪ್ರೋಟೀನ್ ಪುಡಿ ಯಾವುದನ್ನೂ ಬಿಡಬೇಡಿ. ಬಯೋಟಿನ್ ಇದ್ದರೆ ಡಾಕ್ಟರನ್ನು ಕೇಳಿ, ಥೈರಾಯ್ಡ್ ಟೆಸ್ಟಿಗೆ ಕನಿಷ್ಠ 2 ದಿನ ಮೊದಲು ನಿಲ್ಲಿಸಿ. ಎದೆನೋವಿದ್ದರೆ ಮಾತ್ರ ಕಾಯಬೇಡಿ, ಕೂಡಲೇ ಬನ್ನಿ. ಮಾತ್ರೆಯ ವಿಷಯ ಬಂದ ಮೇಲೆ ಹೇಳಿದರಾಯಿತು.