ಹೊಗೆಯ ಘಮ ಬೇಕೆ? ಪೆಲೆಟ್ ಕೊಳ್ಳುವ ಮುನ್ನ ಇದನ್ನು ಓದಿ



ಕಳೆದ ಚಳಿಗಾಲದ ಒಂದು ಭಾನುವಾರ ಸಂಜೆ ಡೊಂಬಿವಲಿಯ ಒಬ್ಬ ಹಿರಿಯರನ್ನು ನನ್ನ ಬಳಿ ಕರೆತಂದರು. ಅವರಿಗೆ ಸ್ಟೆಂಟ್ ಹಾಕಿ ಎರಡು ವರ್ಷವಾಗಿತ್ತು. ಮಾತ್ರೆ ಒಂದು ದಿನವೂ ತಪ್ಪಿಸಿದವರಲ್ಲ. ಆದರೂ ಎದೆ ಬಿಗಿತ, ತಲೆನೋವು, ವಾಕರಿಕೆ. ಬೆರಳಿಗೆ ಹಾಕಿದ ಆಕ್ಸಿಮೀಟರ್ 98 ತೋರಿಸುತ್ತಿತ್ತು. ಜೊತೆಗೆ ಬಂದಿದ್ದ ಹೆಂಡತಿ "ನನಗೂ ಮಧ್ಯಾಹ್ನದಿಂದ ತಲೆ ಸಿಡೀತಿದೆ ಡಾಕ್ಟ್ರೇ" ಎಂದಾಗ ನನಗೆ ಅನುಮಾನ ಬಂತು. ವಿಚಾರಿಸಿದರೆ, ಮಗ ಆನ್‌ಲೈನ್‌ನಲ್ಲಿ ಮರದ ಪೆಲೆಟ್ ತರಿಸಿ, ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಎರಡು ಗಂಟೆ ಬಂಗುಡೆ ಮೀನಿಗೆ ಹೊಗೆ ಹಾಕಿದ್ದ. ಆಮ್ಲಜನಕ ಕೊಟ್ಟೆವು, ರಕ್ತ ಪರೀಕ್ಷೆ ಮಾಡಿದೆವು. ಅದೃಷ್ಟಕ್ಕೆ ಮರುದಿನ ಇಬ್ಬರೂ ಮನೆಗೆ ಹೋದರು.

ಈಗ ಠಾಣೆ, ಕಲ್ಯಾಣ್, ನವಿ ಮುಂಬೈಯ ಅನೇಕ ಮನೆಗಳಲ್ಲಿ ಈ ಹವ್ಯಾಸ ಶುರುವಾಗಿದೆ. ಬೇಡ ಎಂದು ಹೇಳಲು ಬರೆಯುತ್ತಿಲ್ಲ. ಮಾಡುವುದಾದರೆ ಯಾವ ಪೆಲೆಟ್, ಯಾವ ಪದಾರ್ಥ, ಎಲ್ಲಿ ಎಂಬ ಮೂರನ್ನು ತಿಳಿದು ಮಾಡಿ.

*ಊರಿನ ಅಟ್ಟ ಬೇರೆ, ಇಲ್ಲಿನ ಫ್ಲ್ಯಾಟ್ ಬೇರೆ*

ಹೊಗೆಯ ರುಚಿ ನಮಗೆ ಹೊಸದಲ್ಲ. ಕೊಡಗಿನಲ್ಲಿ ಮಳೆಗಾಲಕ್ಕೆ ಒಲೆಯ ಮೇಲೆ ಮಾಂಸ ತೂಗುಹಾಕುತ್ತಿದ್ದರು. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು ಯಾರಿಗೆ ಗೊತ್ತಿಲ್ಲ? ಆದರೆ ಆ ಅಡುಗೆಮನೆಗಳಿಗೆ ಹೆಂಚಿನ ಸಂದಿ ಇತ್ತು, ಹೊಗೆ ಹೊರಗೆ ಹೋಗುತ್ತಿತ್ತು. ಅಷ್ಟಿದ್ದೂ ಒಲೆ ಮುಂದೆ ಕೂತ ನಮ್ಮ ಅಜ್ಜಿಯಂದಿರು ಕೆಮ್ಮಿ ಕೆಮ್ಮಿ ಬಳಲಿದರು. ಇಲ್ಲಿ ಒಂದು ಬೆಡ್‌ರೂಮಿನ ಮನೆ, ಮುಚ್ಚಿದ ಬಾಲ್ಕನಿ.

*ಪೆಲೆಟ್ ಎಂದರೇನು?*

ಮರದ ಹೊಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ಅದುಮಿ ಮಾಡಿದ, ಪೆನ್ಸಿಲ್‌ನಷ್ಟು ದಪ್ಪದ ಸಣ್ಣ ತುಂಡು. ಮರದಲ್ಲೇ ಇರುವ ಲಿಗ್ನಿನ್ ಎಂಬ ಅಂಶ ಬಿಸಿಗೆ ಮೆದುವಾಗಿ ಅಂಟಿನಂತೆ ಹಿಡಿದಿಡುತ್ತದೆ. ಬೇರೆ ಅಂಟು ಬೇಕಿಲ್ಲ. ಇದೇ ಲಿಗ್ನಿನ್ ನಿಧಾನವಾಗಿ ಕನಲಿದಾಗ ಹೊಗೆಯ ಘಮ ಹುಟ್ಟುತ್ತದೆ. ಅದೇ ಮರ ಧಗಧಗ ಉರಿದರೆ, ಶಾಖ ಹೆಚ್ಚಿದಷ್ಟೂ ಬೆಂಜೋಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳು ಹೆಚ್ಚುತ್ತವೆ. ಯುರೋಪಿನಲ್ಲಿ 2014ರಿಂದ ಹೊಗೆ ಹಾಕಿದ ಮಾಂಸದ ಕೆ.ಜಿ.ಗೆ 2 ಮೈಕ್ರೋಗ್ರಾಂಗಿಂತ ಹೆಚ್ಚು ಬೆಂಜೋಪೈರೀನ್ ಇರುವಂತಿಲ್ಲ. ಆದ್ದರಿಂದ ಕನಲಬೇಕು, ಉರಿಯಬಾರದು.

*ಕೊಳ್ಳುವಾಗ ನೋಡಬೇಕಾದ್ದು*

1. ಚೀಲದ ಮೇಲೆ "ಆಹಾರಕ್ಕೆ ಬಳಸಲು" ಎಂದು ಇರಲೇಬೇಕು. ಬಾಯ್ಲರ್ ಮತ್ತು ವಿದ್ಯುತ್ ಸ್ಥಾವರಗಳಿಗೆ ಮಾಡುವ ಪೆಲೆಟ್ ಕಡಿಮೆ ಬೆಲೆಗೆ ಸಿಗುತ್ತದೆ. ಅದರಲ್ಲಿ ಕೃಷಿ ತ್ಯಾಜ್ಯ, ತೊಗಟೆ, ಮರದ ಮಿಲ್ಲಿನ ಕಸ ಏನು ಬೇಕಾದರೂ ಇರಬಹುದು. ಅದು ಅಡುಗೆಗಲ್ಲ.

2. "100% ಮಾವು" ಬೇರೆ, "ಮಾವಿನ ಫ್ಲೇವರ್" ಬೇರೆ. ಎರಡನೆಯದರಲ್ಲಿ ಯಾವುದೋ ಮರದ ಹೊಟ್ಟಿಗೆ ಸುವಾಸನೆಯ ಎಣ್ಣೆ ಸೇರಿಸಿರಬಹುದು. ಮರದ ಹೆಸರು ಸ್ಪಷ್ಟವಾಗಿ ಬರೆದಿರದಿದ್ದರೆ ಕೊಳ್ಳಬೇಡಿ.

3. ಗಟ್ಟಿ ಮರವೇ ಇರಲಿ. ಮಾವು, ಸೀಬೆ, ಸೇಬು, ಓಕ್ ಆಗಬಹುದು. ಪೈನ್‌ನಂಥ ರಾಳದ ಮರ ಬೇಡ; ಮಸಿ ಹೆಚ್ಚು, ರುಚಿ ಕಹಿ.

4. ಒಣಗಿರಬೇಕು, ಮುರಿದರೆ ಟಪ್ಪೆನ್ನಬೇಕು. ನಮ್ಮ ಮುಂಬೈ ಮಳೆಗಾಲದಲ್ಲಿ ಚೀಲ ತೆರೆದಿಟ್ಟರೆ ಪೆಲೆಟ್ ತೇವ ಹೀರಿ ಹೊಟ್ಟಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಸಣ್ಣ ಚೀಲ ಕೊಳ್ಳಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಬೂಷ್ಟು ಬಂದದ್ದನ್ನು ಎಸೆಯಿರಿ.

*ಇವನ್ನು ಎಂದಿಗೂ ಬಳಸಬೇಡಿ*

ಪೆಲೆಟ್ ದುಬಾರಿ ಎಂದು ಕೈಗೆ ಸಿಕ್ಕಿದ ಮರ ಬಳಸುವವರಿದ್ದಾರೆ.

▪ ಪ್ಲೈವುಡ್, ಎಂಡಿಎಫ್, ಬಣ್ಣ ಬಳಿದ ಹಳೆಯ ಪೀಠೋಪಕರಣ: ಅಂಟಿನಲ್ಲಿ ಫಾರ್ಮಾಲ್ಡಿಹೈಡ್, ಹಳೆಯ ಬಣ್ಣದಲ್ಲಿ ಸೀಸ ಇರಬಹುದು.

▪ ಸರಕು ಸಾಗಿಸುವ ಮರದ ಪ್ಯಾಲೆಟ್: ನವಿ ಮುಂಬೈಯಲ್ಲಿ ನ್ಹಾವಾ ಶೇವಾ ಬಂದರು ಇರುವುದರಿಂದ ಇವು ಗುಜರಿಯಲ್ಲಿ ಸುಲಭವಾಗಿ ಸಿಗುತ್ತವೆ. "ಎಂಬಿ" ಮುದ್ರೆ ಇದ್ದರೆ ಮೀಥೈಲ್ ಬ್ರೋಮೈಡ್ ಎಂಬ ಕೀಟನಾಶಕ ಅನಿಲ ಹಾಯಿಸಿದ್ದಾರೆ ಎಂದರ್ಥ. "ಎಚ್‌ಟಿ" ಎಂದರೆ ಬಿಸಿಯಿಂದ ಸಂಸ್ಕರಿಸಿದ್ದು. ಆದರೆ ಅದರ ಮೇಲೆ ಯಾವ ರಾಸಾಯನಿಕ ಚೆಲ್ಲಿತ್ತೋ ಬಲ್ಲವರಾರು?

▪ ಕಣಗಿಲೆ: ಸೊಸೈಟಿಯ ತೋಟದಲ್ಲಿ, ರಸ್ತೆ ವಿಭಜಕದಲ್ಲಿ ಹೂ ಬಿಡುವ ಗಿಡ. ಇದರ ಪ್ರತಿ ಭಾಗದಲ್ಲೂ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ನಾವು ಕೊಡುವ ಡಿಗಾಕ್ಸಿನ್ ಮಾತ್ರೆಯ ಗುಂಪಿಗೇ ಸೇರಿದ ಅಂಶ ಅದು. ಸುಟ್ಟ ಹೊಗೆಯೂ ಅಪಾಯ. ಗುರುತು ಸಿಗದ ಯಾವ ಕೊಂಬೆಯನ್ನೂ ಆಹಾರದ ಹತ್ತಿರ ತರಬೇಡಿ.

▪ ಗೋಡಂಬಿಯ ಸಿಪ್ಪೆ: ಅದರ ಎಣ್ಣೆ ಚರ್ಮ ಸುಡುತ್ತದೆ, ಹೊಗೆ ಕಣ್ಣು, ಗಂಟಲು ಉರಿಸುತ್ತದೆ.

*ಯಾವುದಕ್ಕೆ ಹೊಗೆ ಹಾಕಬಹುದು?*

ಕೋಲ್ಡ್ ಸ್ಮೋಕಿಂಗ್ ಎಂದರೆ ಸುಮಾರು 30 ಡಿಗ್ರಿಯೊಳಗೆ ಹೊಗೆ ಕೊಡುವುದು. ಇದರಿಂದ ಪದಾರ್ಥ ಬೇಯುವುದಿಲ್ಲ. ರೋಗಾಣುಗಳು 5ರಿಂದ 60 ಡಿಗ್ರಿಯ ನಡುವೆ ಬೆಳೆಯುತ್ತವೆ. ಈ ವಿಧಾನ ಬೆಳೆದದ್ದು ತಣ್ಣನೆಯ ದೇಶಗಳಲ್ಲಿ. ನಮ್ಮ ಠಾಣೆಯ ಏಪ್ರಿಲ್ ಮಧ್ಯಾಹ್ನ ಗಂಟೆಗಟ್ಟಲೆ ಹೊಗೆಯಲ್ಲಿಟ್ಟ ಹಸಿ ಮೀನು ರೋಗಾಣುಗಳಿಗೆ ತೊಟ್ಟಿಲು. ಆದ್ದರಿಂದ ಹಸಿ ಮೀನು, ಕೋಳಿ, ಮಾಂಸ ಮನೆಯಲ್ಲಿ ಬೇಡ. ಹೊಗೆ ಹಾಕಿದ ಮೀನನ್ನು ಗಾಳಿ ತೆಗೆದ ಚೀಲದಲ್ಲಿ ತಿಂಗಳುಗಟ್ಟಲೆ ಇಡುವುದಂತೂ ಬೇಡವೇ ಬೇಡ. ಬೊಟುಲಿಸಂ ತರುವ ಮಾರಕ ವಿಷ ಗಾಳಿಯಿಲ್ಲದೆಡೆಯೇ ಹುಟ್ಟುವುದು.

ಒಣಮೆಣಸಿನಕಾಯಿ, ಹುರಿದ ಕಡಲೆಕಾಯಿ ಬೀಜ, ಕರಿಮೆಣಸು ಧಾರಾಳವಾಗಿ ಮಾಡಿ. ಪನೀರ್‌ಗೆ 10-15 ನಿಮಿಷ ಸಾಕು, ಕೂಡಲೇ ಫ್ರಿಜ್‌ಗೆ ಹಾಕಿ. ಹೊಗೆ ಹಿಡಿದ ಮೆಣಸಿನಪುಡಿಯನ್ನು ಸಾರಿಗೆ, ಗೊಜ್ಜಿಗೆ ಚಿಟಿಕೆ ಹಾಕಿದರೆ ಉಪ್ಪು ಸ್ವಲ್ಪ ಕಡಿಮೆಯಾದರೂ ನಾಲಗೆಗೆ ಗೊತ್ತಾಗದು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಗೆ ಹಾಕಿದ ಮೀನು, ಮಾಂಸಕ್ಕೆ ಮೊದಲು ಉಪ್ಪಿನಲ್ಲಿ ಅದ್ದುತ್ತಾರೆ ಎಂಬುದನ್ನು ಬಿಪಿ ಇರುವವರು ಮರೆಯಬೇಡಿ.

*ಎಲ್ಲಿ ಮಾಡಬೇಕು?*

ಕನಲುವ ಪೆಲೆಟ್ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮೊದಲೇ ರಕ್ತನಾಳ ಕಿರಿದಾಗಿರುವ ಹೃದಯಕ್ಕೆ ಇದು ದೊಡ್ಡ ಹೊಡೆತ. ಬೆರಳಿನ ಆಕ್ಸಿಮೀಟರ್ ಇದನ್ನು ಗುರುತಿಸಲಾರದು, 98 ಎಂದೇ ತೋರಿಸುತ್ತದೆ. ಪೈಪಿಲ್ಲದ ಫಿಲ್ಟರ್ ಚಿಮಣಿಯೂ ಇದನ್ನು ಹೊರಹಾಕದು.

ಹಾಗಾಗಿ ಸೊಸೈಟಿಯ ಒಪ್ಪಿಗೆ ಪಡೆದು ತೆರೆದ ಟೆರೇಸ್‌ನಲ್ಲೇ ಮಾಡಿ. ಒಂದು ಹಿಡಿ ಪೆಲೆಟ್ ಸಾಕು. ಮುಗಿದ ಮೇಲೆ ನೀರು ಸುರಿದು ಪೂರ್ತಿ ಆರಿಸಿಯೇ ಒಳಗೆ ತನ್ನಿ. ಹೃದ್ರೋಗಿಗಳು, ಆಸ್ತಮಾ ಇರುವವರು, ಗರ್ಭಿಣಿಯರು, ಮಕ್ಕಳು ಹತ್ತಿರ ನಿಲ್ಲಬಾರದು. ಪಾತ್ರೆಯೊಳಗೆ ಕೆಂಡವಿಟ್ಟು ತುಪ್ಪ ಹಾಕುವ ಧುಂಗಾರ್‌ಗೂ ಕಿಟಕಿ ತೆರೆದಿರಲಿ, ಐದು ನಿಮಿಷ ಮೀರಬೇಡಿ.

*ಎಚ್ಚರಿಕೆಯ ಚಿಹ್ನೆ*

ಹೊಗೆಯ ಹತ್ತಿರವಿದ್ದ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಅದು ಗ್ಯಾಸ್ಟ್ರಿಕ್ ಅಲ್ಲ. ಎಲ್ಲರನ್ನೂ ತೆರೆದ ಗಾಳಿಗೆ ಕರೆತನ್ನಿ. ಎದೆ ಬಿಗಿತ, ಮಂಪರು ಇದ್ದರೆ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ "ಹೊಗೆಯ ಹತ್ತಿರ ಇದ್ದೆವು" ಎಂದು ನೀವಾಗಿಯೇ ಹೇಳಿ. ಆ ಒಂದು ಮಾತು ಇಲ್ಲದಿದ್ದರೆ ವೈದ್ಯರೂ ದಾರಿ ತಪ್ಪಬಹುದು.

ಆ ಹಿರಿಯರು ಮೊನ್ನೆ ತಪಾಸಣೆಗೆ ಬಂದಾಗ ಹೊಗೆ ಹಾಕಿದ ಮೆಣಸಿನಪುಡಿಯ ಒಂದು ಡಬ್ಬಿ ತಂದುಕೊಟ್ಟರು. ಮಗ ಟೆರೇಸ್ ಮೇಲೆ ಮಾಡಿದ್ದಂತೆ. ಸಾರು ಬಹಳ ರುಚಿಯಾಗಿತ್ತು.

ನಿಮ್ಮ ಕನ್ನಡ ಸಂಘದ, ಸೊಸೈಟಿಯ ಗುಂಪುಗಳಿಗೂ ಇದನ್ನು ಕಳುಹಿಸಿ. ಮುಚ್ಚಿದ ಬಾಲ್ಕನಿ ಇರುವ ಯಾರಿಗಾದರೂ ಉಪಯೋಗವಾದೀತು.