ನಮ್ಮ ಬಡಾವಣೆಯ ಸಂಖ್ಯೆ: 560005

ಸಂಖ್ಯೆಗಳ ವಿಷಯವೆಂದ ಕೂಡಲೆ ವಾಚಕ ಮಿತ್ರರು ಪುಟ ಮಗುಚಿಯಾರೆಂಬ ಅಳುಕು ನನಗಿದೆ. ಆದರೂ ಬರೆಯುತ್ತೇನೆ.

ಪುಲಿಕೇಶಿನಗರದ ನಮ್ಮ ಮನೆಗೆ ಬರುವ ಕಾಗದಗಳ ಕಡೆಯ ಸಾಲಿನಲ್ಲಿ 560005 ಎಂದಿರುತ್ತದೆ. ನನ್ನ ತಾಯಿಗೆ ಓದು ಬಾರದು. ಈ ಆರು ಅಂಕಿಗಳ ಆಕಾರವನ್ನು ನೋಡಿಯೇ ಕಾಗದ ನಮ್ಮ ಕಡೆಯದೆಂದು ಹೇಳುತ್ತಾರೆ. ಅಂಚೆಯವರು ಓದುವುದೂ ಹೆಚ್ಚುಕಡಿಮೆ ಹಾಗೆಯೇ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡಿನಲ್ಲಿ ಮೊದಲ ಮೂರು ಅಂಕಿ ಬೆಂಗಳೂರನ್ನೂ ಕಡೆಯ ಮೂರು ನಮ್ಮ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಇದನ್ನು ಐದು ಲಕ್ಷದ ಅರುವತ್ತು ಸಾವಿರದ ಐದು ಎಂದು ಯಾರೂ ಓದುವುದಿಲ್ಲ. ಹಾಗೆ ಓದಿದರೇನೆಂಬ ಕುತೂಹಲ ನನಗೆ ಹುಟ್ಟಿತು.

ಕೊನೆಯಲ್ಲಿ 5 ಇರುವುದರಿಂದ 5ರಿಂದ ಭಾಗವಾಗುತ್ತದೆ, ಭಾಗಲಬ್ಧ 112001. ಕಷ್ಟ ಆಮೇಲಿನದು. 3, 7, 11 ಎಂದು ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದೆ. 7ಕ್ಕೆ ಶೇಷ 1, 37ಕ್ಕೆ ಶೇಷ 2, ಸಿಕ್ಕಿತೆನ್ನುವಷ್ಟರಲ್ಲಿ ತಪ್ಪಿಹೋಗುವುದು. 43ರವರೆಗೆ ಬಂದು ಬೇಸತ್ತು, 112001 ಅವಿಭಾಜ್ಯವೆಂದು ತೀರ್ಮಾನಿಸಿ, ಮರುದಿನ ಅಧ್ಯಾಪಕರಲ್ಲಿ ಹೆಮ್ಮೆಯಿಂದ ಹೇಳಿಯೂಬಿಟ್ಟೆ.

"ಎಲ್ಲಿಯವರೆಗೆ ನೋಡಿದೆ?" ಎಂದರು. ನಾನು ತಲೆ ತಗ್ಗಿಸಿದೆ.

ಒಂದು ಸಂಖ್ಯೆಯನ್ನು ಅವಿಭಾಜ್ಯವೆನ್ನಬೇಕಾದರೆ ಅದರ ವರ್ಗಮೂಲದವರೆಗೆ ಪರೀಕ್ಷಿಸಲೇಬೇಕು. ಎರಡು ಅಪವರ್ತನಗಳೂ ವರ್ಗಮೂಲವನ್ನು ಮೀರಿದರೆ ಗುಣಲಬ್ಧವು ಆ ಸಂಖ್ಯೆಯನ್ನೇ ಮೀರುವುದಷ್ಟೆ. 112001ರ ವರ್ಗಮೂಲ 334ಕ್ಕಿಂತ ತುಸು ಹೆಚ್ಚು. ನಾನು ನಿಂತದ್ದು 43ರಲ್ಲಿ. ಮುಂದಿನ ಅವಿಭಾಜ್ಯವೇ 47; 47 × 2383 = 112001! 2383ರ ವರ್ಗಮೂಲ 49ರೊಳಗಿದೆ. ಈ ಸಲ 47ರವರೆಗೂ ನೋಡಿದೆ. ಅದು ನಿಜವಾಗಿಯೂ ಅವಿಭಾಜ್ಯ.

ಆದ್ದರಿಂದ 560005 = 5 × 47 × 2383. ಹೀಗೆ ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವನ್ನು ಸ್ಫೀನಿಕ್ ಸಂಖ್ಯೆ ಎನ್ನುತ್ತಾರೆ. ಗ್ರೀಕಿನಲ್ಲಿ ಬೆಣೆ ಎಂಬ ಅರ್ಥದ ಪದದಿಂದ ಬಂದ ಹೆಸರು. ಇಂಥದಕ್ಕೆ ಭಾಜಕಗಳು ಎಂಟೇ. ಸಂಖ್ಯೆಯನ್ನೇ ಬಿಟ್ಟು ಉಳಿದ ಏಳನ್ನು ಕೂಡಿಸಿದರೆ 126587. ಮೊತ್ತವು ಸಂಖ್ಯೆಗಿಂತ ಕಡಿಮೆಯಾದ್ದರಿಂದ ಇದು ನ್ಯೂನ ಸಂಖ್ಯೆ. 6ರಂತೆ ಪರಿಪೂರ್ಣವಾಗುವ ಭಾಗ್ಯ ನಮ್ಮ ಬಡಾವಣೆಗಿಲ್ಲ.

ದೇವಳಾಲಿಯ ಶಾಲಾ ಉಪಾಧ್ಯಾಯ ಡಿ. ಆರ್. ಕಾಪ್ರೇಕರರು ತಮ್ಮ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗಳಿಗೆ 'ಹರ್ಷದ' ಎಂದು ಹೆಸರಿಟ್ಟರು. ನಮ್ಮದರ ಮೊತ್ತ 16; ಬೆಸಸಂಖ್ಯೆಯನ್ನು 16 ಭಾಗಿಸಲಾರದು. ಆದರೆ ಅಂಕಿಗಳ ವರ್ಗಗಳನ್ನು ಕೂಡಿಸಿ: 25 + 36 + 25 = 86. ಮತ್ತೆ 64 + 36 = 100. ಮತ್ತೆ 1. ಹೀಗೆ 1ಕ್ಕೆ ಬಂದು ಸೇರುವವು 'ಹ್ಯಾಪಿ' ಸಂಖ್ಯೆಗಳು. ಹರ್ಷದವಲ್ಲದಿದ್ದರೂ ಹ್ಯಾಪಿ!

ಈ ಸಂತೋಷ ಹತ್ತರ ಮಾನದಲ್ಲಿ ಬರೆದದ್ದರ ಫಲ. ಎಂಟರ ಮಾನದಲ್ಲಿ ಇದೇ ಸಂಖ್ಯೆ 2105605 ಆಗುತ್ತದೆ. ಆ ಮಾನದಲ್ಲೇ ವರ್ಗಗಳನ್ನು ಕೂಡಿಸುತ್ತ ಹೋದರೆ ಹದಿಮೂರು, ಇಪ್ಪತ್ತಾರು, ಮತ್ತೆ ಹದಿಮೂರು ಎಂದು ಗಾಣದೆತ್ತಿನಂತೆ ಸುತ್ತುತ್ತದೆಯೇ ಹೊರತು 1ನ್ನು ಮುಟ್ಟುವುದಿಲ್ಲ. ಆ ಮೂರು ಅವಿಭಾಜ್ಯಗಳಾದರೋ ಯಾವ ಮಾನದಲ್ಲಿ ಬರೆದರೂ ಅವೇ.

ಪಕ್ಕದ ಹಲಸೂರಿನದು 560008. ಎಂಟರಿಂದ ಭಾಗಿಸಿದರೆ 70001. ಇದರ ವರ್ಗಮೂಲ 264ರ ಮೇಲೆ. 263ರವರೆಗೆ ಐವತ್ತಾರು ಅವಿಭಾಜ್ಯಗಳಿವೆ. ಐವತ್ತಾರರಿಂದಲೂ ಭಾಗಿಸಿದೆ. 263ಕ್ಕೆ ಉಳಿದ ಶೇಷ 43. ಈ ಸಲ ಧೈರ್ಯವಾಗಿ ಹೇಳುತ್ತೇನೆ, 70001 ಅವಿಭಾಜ್ಯ.